ನಕ್ಷತ್ರಗಳ ನಡುವೆ ಬೆಳಕಿನ ಮಾತು

ಬಿಸಿಲಿನಲ್ಲಿ ಕನ್ನಡಿ ಚೂರು ಹಿಡಿದು ಎದುರು ಮನೆಯ ಗೋಡೆಯ ಮೇಲೆ ಬೆಳಕು ಕುಣಿಸದ ಮಕ್ಕಳುಂಟೇ? ಯಾರದೋ ಕಣ್ಣಿಗೆ ಬಿಟ್ಟು ಬೈಸಿಕೊಂಡವರೂ ಇರಬಹುದು. ಜರ್ಮನಿಯ ಗಣಿತಜ್ಞ ಗೌಸ್ ಈ ಆಟವನ್ನೇ ವಿಜ್ಞಾನ ಮಾಡಿದ. ಬಿಸಿಲನ್ನು ಕನ್ನಡಿಯಿಂದ ದೂರದ ಬೆಟ್ಟಕ್ಕೆ ಹಾಯಿಸಿ ಭೂಮಿಯನ್ನು ಅಳೆಯಲು 1821ರಲ್ಲಿ ಆತ ಹೀಲಿಯೋಟ್ರೋಪ್ ಎಂಬ ಉಪಕರಣ ರಚಿಸಿದ. ದೊಡ್ಡ ಕನ್ನಡಿಗಳನ್ನು ನೂರರಷ್ಟು ಸೇರಿಸಿದರೆ ಚಂದ್ರನಿಗೂ ಬೆಳಕು ಮುಟ್ಟಿಸಬಹುದೆಂದು ಮರುವರ್ಷ ಗೆಳೆಯನಿಗೆ ಪತ್ರ ಬರೆದ.

ಚಂದ್ರನಲ್ಲಿ ಆ ಬೆಳಕನ್ನು ನೋಡುವವರಿಲ್ಲವೆಂದು ಈಗ ನಮಗೆ ಗೊತ್ತು. ಆದರೆ ದೂರದ ನಕ್ಷತ್ರಗಳನ್ನು ಸುತ್ತುವ ಗ್ರಹಗಳಲ್ಲಿ ಯಾರಾದರೂ ಇದ್ದರೆ? ಅವರು ನಮ್ಮತ್ತ ಬೆಳಕು ಬಿಟ್ಟರೆ ನಮಗೆ ಕಂಡೀತೇ?

ಮೊದಲ ತೊಡಕು ಅವರ ಸೂರ್ಯನೇ. ಇಷ್ಟು ದೂರದಿಂದ ನೋಡಿದರೆ ಗ್ರಹವೂ ನಕ್ಷತ್ರವೂ ಒಂದೇ ಚುಕ್ಕೆ. ಆ ಪ್ರಖರ ಬೆಳಕಿನಲ್ಲಿ ದೀಪ ಹಚ್ಚುವುದು ಸೂರ್ಯನೆದುರು ಮಿಣುಕುಹುಳ ಹಾರಿದಂತೆ. ಇದಕ್ಕೊಂದು ದಾರಿ ತೋರಿದ್ದು ಲೇಸರ್. 1960ರಲ್ಲಿ ಮೊದಲ ಲೇಸರ್ ಬೆಳಗಿತು. ಮರುವರ್ಷವೇ ಚಾರ್ಲ್ಸ್ ಟೌನ್ಸ್ ಮತ್ತು ರಾಬರ್ಟ್ ಶ್ವಾರ್ಟ್ಸ್, ನಕ್ಷತ್ರಗಳ ನಡುವೆ ಇಂಥ ಕಿರಣಗಳಿಂದ ಮಾತಾಡಬಹುದೆಂದು 'ನೇಚರ್' ಪತ್ರಿಕೆಯಲ್ಲಿ ಬರೆದರು.

ಗುಟ್ಟು ಎರಡರಲ್ಲಿದೆ. ಒಂದು ದಿಕ್ಕು. ಸೂರ್ಯ ತನ್ನ ಬೆಳಕನ್ನು ಎಲ್ಲ ಕಡೆಗೂ ಚೆಲ್ಲುತ್ತಾನೆ. ಲೇಸರ್ ಒಂದೇ ಕಡೆಗೆ ಕೂಡಿಸಿ ಕಳಿಸುತ್ತದೆ. ಇನ್ನೊಂದು ಕಾಲ. ಸದಾ ಉರಿಯುವ ದೀಪದ ಬದಲು, ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗದಷ್ಟು ಮಾತ್ರ ಮಿಂಚಿಸಬೇಕು. ಇದನ್ನು ನ್ಯಾನೋಸೆಕೆಂಡ್ ಎನ್ನುತ್ತೇವೆ. ಅಷ್ಟರಲ್ಲಿ ಬೆಳಕು ಸಾಗುವ ದೂರ 30 ಸೆಂಟಿಮೀಟರ್, ಅಂದರೆ ನಿಮ್ಮ ಚೀಲದಲ್ಲಿರುವ ಅಡಿಪಟ್ಟಿಯ ಉದ್ದ!

ಈಗ ಸ್ವಲ್ಪ ಲೆಕ್ಕ. ಹತ್ತು ಲಕ್ಷ ಜೂಲ್ ಶಕ್ತಿಯನ್ನು ಒಂದು ನ್ಯಾನೋಸೆಕೆಂಡಿನಲ್ಲಿ, 10 ಮೀಟರ್ ಅಗಲದ ದರ್ಪಣದಿಂದ ಕಳಿಸಿದೆವೆನ್ನಿ. ಗುರಿಯ ದಿಕ್ಕಿನಲ್ಲಿ, ಆ ಒಂದು ಕ್ಷಣಕ್ಕೆ, ಅದು ನಮ್ಮ ಸೂರ್ಯನಿಗಿಂತ ಸಾವಿರಾರು ಪಟ್ಟು ಪ್ರಖರವಾಗಿ ಕಾಣುತ್ತದೆ. ಹತ್ತು ಲಕ್ಷ ಜೂಲ್ ಎಂದರೆ ಎಷ್ಟು? ಮನೆಯ ಮೀಟರಿನ ಒಂದು ಯೂನಿಟ್ 36 ಲಕ್ಷ ಜೂಲ್. ಆ ಮಿಂಚಿನಲ್ಲಿರುವುದು ಮೂರನೇ ಒಂದು ಯೂನಿಟ್‌ಗಿಂತಲೂ ಕಡಿಮೆ!

ಹಿಡಿಯುವುದು ಹೇಗೆ? ನೂರು ಜ್ಯೋತಿರ್ವರ್ಷ ದೂರದ, ಸೂರ್ಯನಂಥ ನಕ್ಷತ್ರದಿಂದ ಸಾಧಾರಣ ದೂರದರ್ಶಕಕ್ಕೆ ಒಂದು ನ್ಯಾನೋಸೆಕೆಂಡಿನಲ್ಲಿ ಒಂದು ಬೆಳಕಿನ ಕಣ ಬರುವುದೂ ಅಪರೂಪ. ಒಮ್ಮೆಗೇ ಹಲವು ಕಣಗಳು ಗುಂಪಾಗಿ ಬಂದರೆ ವಿಶೇಷವೇ ಸರಿ. ಅದಕ್ಕೆಂದೇ ಬೆಳಕನ್ನು ಎರಡಾಗಿ ಸೀಳಿ ಎರಡು ಸಂವೇದಕಗಳಿಗೆ ಹಾಯಿಸುತ್ತಾರೆ. ಒಂದೇ ಮಿಡಿದರೆ ಲೆಕ್ಕಕ್ಕಿಲ್ಲ. ಎರಡೂ ಒಟ್ಟಿಗೆ ಮಿಡಿಯಬೇಕು. ಆಮೇಲೂ ಅದು ಮತ್ತೆ ಮತ್ತೆ ಬರಬೇಕು. ಅಮೆರಿಕದ ಹಾರ್ವರ್ಡ್‌ನಲ್ಲಿ ಪಾಲ್ ಹೊರೊವಿಟ್ಸ್ ಅವರ ತಂಡ 1998ರಿಂದ ಹೀಗೆ ಹುಡುಕಿತು. 2006ರಲ್ಲಿ ಇದಕ್ಕೆಂದೇ 1.8 ಮೀಟರಿನ ದೂರದರ್ಶಕವನ್ನೂ ಕಟ್ಟಿತು.

ಲೇಸರ್ ಮಾತು ಬರೀ ಕಲ್ಪನೆಯಲ್ಲ. 2023ರ ಡಿಸೆಂಬರಿನಲ್ಲಿ 'ಸೈಕಿ' ನೌಕೆ ಸುಮಾರು 3.1 ಕೋಟಿ ಕಿಲೋಮೀಟರ್ ದೂರದಿಂದ ಲೇಸರ್ ಮೂಲಕ ಒಂದು ಬೆಕ್ಕಿನ ವಿಡಿಯೋವನ್ನು ಭೂಮಿಗೆ ಕಳಿಸಿತು.

ಸರಿ, ಅನ್ಯಲೋಕದ ಮಿಂಚು ಸಿಕ್ಕಿತೇ? ಇಲ್ಲ. ಇದುವರೆಗೆ ಖಚಿತವಾದದ್ದು ಒಂದೂ ಇಲ್ಲ. ಒಂದೊಂದು ಸಲ ಸಂವೇದಕಗಳೆರಡೂ ಮಿಡಿದದ್ದುಂಟು. ಮತ್ತೆ ನೋಡಿದಾಗ ಏನೂ ಕಾಣದಿದ್ದರೆ 'ಸಂಕೇತವಲ್ಲ' ಎಂದೇ ಬರೆದರು.

ವಿದ್ಯಾರ್ಥಿ ಮಿತ್ರರೇ, ಇಲ್ಲಿ ಸ್ವಲ್ಪ ನಿಲ್ಲಿ. ಪ್ರಯೋಗಾಲಯದಲ್ಲಿ ನಿಮ್ಮ ಉತ್ತರ ಪುಸ್ತಕದಲ್ಲಿದ್ದಂತೆ ಬರದಿದ್ದಾಗ ಏನು ಮಾಡುತ್ತೀರಿ? ಪಕ್ಕದವನ ರೆಕಾರ್ಡ್ ಪುಸ್ತಕ ನೋಡಿ ಅಂಕಿ ತಿದ್ದುವವರನ್ನು ನಾನು ವರ್ಷವರ್ಷವೂ ಕಂಡಿದ್ದೇನೆ. ತಪ್ಪು ಅವರೊಬ್ಬರದೇ ಅಲ್ಲ. ಅಂಕ ಕೊಡುವ ನಮ್ಮದೂ, ಮನೆಯಲ್ಲಿ ಅಂಕವನ್ನಷ್ಟೇ ಕೇಳುವ ತಂದೆತಾಯಿಯರದೂ ಹೌದು. ಇಡೀ ಜಗತ್ತೇ ಬೆರಗಾಗುವ ಸುದ್ದಿ ಕೈಗೆ ಸಿಕ್ಕಂತಿದ್ದಾಗಲೂ 'ಕಾಣಲಿಲ್ಲ' ಎಂದು ಬರೆಯುವುದಿದೆಯಲ್ಲ, ವಿಜ್ಞಾನ ನಿಂತಿರುವುದು ಅದರ ಮೇಲೆ.

ತಾಳ್ಮೆಯೂ ಬೇಕು. ನಮಗೆ ತೀರ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ 4.2 ಜ್ಯೋತಿರ್ವರ್ಷ ದೂರದಲ್ಲಿದೆ. ಆರನೇ ತರಗತಿಯ ಮಗು ಇಂದು ಅಲ್ಲಿಗೆ 'ನಮಸ್ಕಾರ' ಕಳಿಸಿದರೆ, ಮರುನಮಸ್ಕಾರ ಬರುವ ಹೊತ್ತಿಗೆ ಕಾಲೇಜಿನಲ್ಲಿರುತ್ತದೆ. ಐವತ್ತು ಜ್ಯೋತಿರ್ವರ್ಷ ದೂರದ ನಕ್ಷತ್ರವಾದರೆ ಉತ್ತರ ಕೇಳುವವರು ಮೊಮ್ಮಕ್ಕಳು. ಅವರು ನೋಡುವುದು ನಾವು ಬರೆದಿಟ್ಟ ಪುಸ್ತಕವನ್ನೇ. ಅದರಲ್ಲಿ ತಿದ್ದಿದ ಅಂಕಿ ಇರಬಾರದು.