ಕಡೆಯುವ ಮಾತು ಕಳೆದುಹೋಗದಿರಲಿ

ನಮ್ಮ ದೇವರ ಕೋಣೆಯಲ್ಲಿ ಚನ್ನಪಟ್ಟಣದಿಂದ ತಂದ ಹಳೆಯದೊಂದು ಮರದ ಕುಂಕುಮ ಭರಣಿ ಇದೆ. ಕೆಂಪು ಹಳದಿ ಅರಗಿನ ಬಣ್ಣ, ಮೇಲೆ ಮುಚ್ಚಳ, ಕೆಳಗೆ ದೀಪದ ಕಂಬದಂತೆ ಬಳೆಬಳೆಯಾದ ಕಾಲು. ಕಳೆದ ರಜೆಯಲ್ಲಿ ಮೊಮ್ಮಗಳು ಅದನ್ನು ಕೈಗೆತ್ತಿಕೊಂಡು, "ಅಜ್ಜಾ, ಇಷ್ಟು ಉರುಟಾಗಿ ಮಾಡುವುದು ಹೇಗೆ?" ಎಂದು ಕೇಳಿದಳು. "ಲೇತಿನಲ್ಲಿ" ಎಂದೆ. "ಕನ್ನಡದಲ್ಲಿ ಏನು ಹೇಳುವುದು?" ಎಂದಳು. ನಾನು ತಡವರಿಸಿದೆ. ಭಾಷೆಗಾಗಿ ಎಷ್ಟೋ ಸಭೆಗಳಲ್ಲಿ ಮಾತಾಡಿದ ನನಗೆ ಅಂದು ನಾಚಿಕೆಯಾಯಿತು.

ಉತ್ತರ ನಮ್ಮ ಅಡುಗೆಮನೆಯಲ್ಲೇ ಇತ್ತು. ಮಜ್ಜಿಗೆ ಕಡೆಯುತ್ತೇವೆ, ಕಡೆಯುವ ಕಲ್ಲಿನಲ್ಲಿ ಮಸಾಲೆ ಕಡೆಯುತ್ತೇವೆ, ಮರವನ್ನೂ ಕಡೆಯುತ್ತೇವೆ. ಆ ಕೆಲಸಕ್ಕೆ ಕಡಚಲು ಎಂದು ಹೆಸರು. ಹೆಸರು ಸುಮ್ಮನೆ ಬಂದದ್ದಲ್ಲ. ಕಡೆಗೋಲಿಗೆ ಹಗ್ಗ ಸುತ್ತಿ ಎಳೆಯುವಂತೆಯೇ, ಹಿಂದಿನ ಕೈಯಂತ್ರದಲ್ಲಿ ಹಗ್ಗ ಎಳೆದು ಮರದ ತುಂಡನ್ನು ಆಚೀಚೆ ತಿರುಗಿಸುತ್ತಿದ್ದರು. ಮರ ಉಳಿಯ ಬಾಯಿಗೆ ಎದುರಾಗಿ ತಿರುಗುವಾಗ ಮಾತ್ರ ಅದು ಕೊಯ್ಯುತ್ತದೆ. ಮರಳಿ ತಿರುಗುವಾಗ ಉಳಿಯನ್ನು ಸಡಿಲಿಸಬೇಕು. ಈಗ ಹಗ್ಗದ ಕೆಲಸವನ್ನು ವಿದ್ಯುತ್ ಮೋಟಾರು ಮಾಡುತ್ತದೆ. ಉಳಿ ಹಿಡಿಯುವ ಕೈಯ ಹದ ಮಾತ್ರ ಅದೇ.

ಚನ್ನಪಟ್ಟಣದವರು ಇದಕ್ಕೆ ಬಳಸುವುದು ಹಾಲೆ ಮರ. ಆಟಿ ಅಮಾವಾಸ್ಯೆಗೆ ನಾವು ಕಷಾಯ ಕುಡಿಯುವ ಹಾಲೆ ಅದಲ್ಲ. ಮಲಯಾಳದಲ್ಲಿ ದಂತಪ್ಪಾಲ ಎನ್ನುವ ಮರ. ದಂತದಂತೆ ಬಿಳುಪು, ನುಣುಪು. ಮರ ಚೆನ್ನಾಗಿ ಒಣಗಿರಬೇಕು. ಹಸಿಯಾಗಿಯೇ ಕಡೆದು ಮುಗಿಸಿದರೆ ಮುಂದೆ ಬಿರಿಯುತ್ತದೆ, ಮುಚ್ಚಳ ಕೂರುವುದಿಲ್ಲ. ಮೊದಲು ಪಾತ್ರೆಯ ಹೊರಮೈ, ಬಳಿಕ ಒಳಗಿನ ಪೊಟರೆ, ಅದರ ಬಾಯಿಗೆ ಸರಿಯಾಗಿ ಮುಚ್ಚಳ. ಕಾಲನ್ನು ಬೇರೆಯೇ ಕಡೆಯುವುದಾದರೆ ಅದರ ಮೇಲ್ತುದಿಯನ್ನು ಸಣ್ಣ ಗೂಟದಂತೆ ಮಾಡಿ ಪಾತ್ರೆಯ ಅಡಿಯ ತೂತಿಗೆ ಕೂರಿಸುತ್ತಾರೆ. ಪಾತ್ರೆ ಎಷ್ಟೇ ಚೆಲುವಾಗಿರಲಿ, ಕಾಲಿನ ಅಡಿ ಸಾಕಷ್ಟು ಅಗಲವಿಲ್ಲದಿದ್ದರೆ ಕೈ ತಗಲಿದೊಡನೆ ಉರುಳುತ್ತದೆ. ಕೊನೆಗೆ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜುವ ಬಿಸಿಗೆ ಅರಗು ಕರಗಿ ಹಿಡಿಯುತ್ತದೆ. ಕೇದಗೆ ಜಾತಿಯ ಗರಿಯಿಂದ ಒತ್ತಿ ಉಜ್ಜಿದಾಗ ಹೊಳಪು ಬರುತ್ತದೆ.

ಇಷ್ಟನ್ನೂ ಹೇಳಲು ಕನ್ನಡದಲ್ಲಿ ಮಾತುಗಳಿವೆ. ಪಕ್ಕದ ಮಲಯಾಳಿ ಬಂಧುಗಳೂ ಮೊಸರಿಗೂ ಮರಕ್ಕೂ ಕಡಯುಕ ಎಂದೇ ಹೇಳುತ್ತಾರೆ, ಕೆಲಸಕ್ಕೆ ಕಡಚ್ಚಿಲ್ ಎನ್ನುತ್ತಾರೆ. ಎರಡೂ ಒಂದೇ ಬೇರಿನವು. ಹಾಗಿರುವಾಗ ನನ್ನ ನಾಲಗೆಯಿಂದ ಈ ಮಾತನ್ನು ಯಾರೂ ಕಿತ್ತುಕೊಂಡದ್ದಲ್ಲ. ಬಳಸದೆ ನಾನೇ ಬಿಟ್ಟದ್ದು.

1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದಂದಿನಿಂದ ನಾವು ಶಾಲೆಗಾಗಿ, ಪಠ್ಯಪುಸ್ತಕಕ್ಕಾಗಿ, ಕನ್ನಡ ಬಲ್ಲ ಅಧ್ಯಾಪಕರಿಗಾಗಿ ಮನವಿ ಕೊಡುತ್ತಲೇ ಬಂದಿದ್ದೇವೆ. ಅದು ನಮ್ಮ ಹಕ್ಕು, ಬಿಡುವ ಮಾತಿಲ್ಲ. ಆದರೆ ಪುಸ್ತಕದಲ್ಲಿ ಮಾತ್ರ ಉಳಿದ ಭಾಷೆ ಅಡಿ ಕಿರಿದಾದ ಭರಣಿಯ ಹಾಗೆ. ಬಡಗಿಯ ಉಳಿ, ಕಮ್ಮಾರನ ತಿದಿ, ಅಡುಗೆಯವಳ ಸಟ್ಟುಗ, ಇವುಗಳ ಹೆಸರೂ ಸೇರಿದಾಗಲೇ ಅದರ ಕಾಲು ಅಗಲವಾಗುವುದು.

ಇದಕ್ಕೆ ಸರಕಾರದ ಆದೇಶ ಬೇಕಾಗಿಲ್ಲ. ವರ್ಷ ವರ್ಷ ನಡೆಯುವ ವೃತ್ತಿ ಪರಿಚಯ ಮೇಳಕ್ಕೆ ನಮ್ಮ ಕನ್ನಡ ಶಾಲೆಗಳ ಮಕ್ಕಳು ಸಿದ್ಧರಾಗುವಾಗ ಊರಿನ ಹಿರಿಯ ಬಡಗಿಯೊಬ್ಬರನ್ನು ಒಂದು ದಿನ ಕರೆಸಿ. ಅವರು ಕೆಲಸ ತೋರಿಸಲಿ, ಮಕ್ಕಳು ಹೆಸರು ಕೇಳಿ ಬರೆದುಕೊಳ್ಳಲಿ. ಮನೆಯಲ್ಲಿ ತೊಟ್ಟಿಲಿನ ಕಾಲನ್ನೋ ಭರಣಿಯನ್ನೋ ತೋರಿಸಿ ಹಿರಿಯರು ನಾಲ್ಕು ಮಾತು ಹೇಳಲಿ. ಗೊತ್ತಿಲ್ಲದಿದ್ದರೆ ನನ್ನಂತೆ ಹುಡುಕಿಯಾದರೂ ಹೇಳಲಿ.

ಮೊಮ್ಮಗಳಿಗೆ ಮರುದಿನ ಉತ್ತರ ಹೇಳಿದೆ. ಈಗ ಮನೆಗೆ ಬಂದವರಿಗೆಲ್ಲ ಆಕೆಯೇ ಭರಣಿ ತೋರಿಸಿ, "ಇದು ಕಡೆದದ್ದು" ಎನ್ನುತ್ತಾಳೆ.