ಮೇಷ್ಟ್ರ ಗಂಟಲು, ಹುಲಿಯ ಹಲ್ಲು
ಈ ವಾರ ಕೊಪ್ಪದ ಬಸ್ ನಿಲ್ದಾಣದಲ್ಲಿ ಪರಿಚಯದ ಮೇಷ್ಟ್ರೊಬ್ಬರು ಸಿಕ್ಕರು. ನನ್ನ ನಮಸ್ಕಾರಕ್ಕೆ ಉತ್ತರವಾಗಿ ಬಂದದ್ದು ಬರೀ ಗಾಳಿ. ಪುನರ್ವಸು ಮಳೆ ತಗಡಿನ ಮೇಲೆ ಸುರಿಯುವಾಗ ಮಗ್ಗಿ ಹೇಳಿಸುವುದೆಂದರೆ ಆಕಾಶದ ಜೊತೆ ಜಗಳಕ್ಕೆ ನಿಂತಂತೆ. ‘ಆಪರೇಷನ್ನೇ ಆಗ್ಬೇಕೇನೋ ಮಾರಾಯ್ರೆ’ ಎಂದು ಪಿಸುಗುಟ್ಟಿದರು. ಕಾಳುಮೆಣಸಿನ ಕಷಾಯ ಆಗಲೇ ನಡೆದಿತ್ತು. ಹಿತವೇನೋ ಹೌದು, ಆದರೆ ನುಂಗಿದ್ದು ಅನ್ನನಾಳಕ್ಕೆ ಇಳಿಯುತ್ತದೆ. ಧ್ವನಿತಂತುಗಳಿರುವುದು ಉಸಿರಿನ ದಾರಿಯಲ್ಲಿ. ಗಂಡಸು ಸುಮ್ಮನೆ ಮಾತಾಡಿದರೂ ಅವು ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ ಒಂದಕ್ಕೊಂದು ತಾಗುತ್ತವೆ, ಹೆಂಗಸರಲ್ಲಿ ಸುಮಾರು 200 ಸಲ. ದಿನವೂ ಕೂಗಿದರೆ, ಗುದ್ದಲಿ ಹಿಡಿದ ಅಂಗೈಯಂತೆ ಅಲ್ಲೂ ಜಡ್ಡುಗಟ್ಟುತ್ತದೆ. ಅಂಥ ಗಂಟಿಗೆ ಮೊದಲ ಮದ್ದು ಕತ್ತರಿಯಲ್ಲ, ಅಭ್ಯಾಸ: ತುಟಿ ಮುಚ್ಚಿ ಗುನುಗುವುದು, ನೀರಿನ ಲೋಟಕ್ಕೆ ಕೊಳವೆ ಇಟ್ಟು ಗುಳುಗುಳು ಎನ್ನಿಸುತ್ತ ಸ್ವರ ಹಿಡಿಯುವುದು. (ಪಪ್ಪಾಯಿ ದಂಟಿನಲ್ಲಿ ನಾವೆಲ್ಲ ಆಡಿದ್ದೇ.) ಕಿರಿದಾದ ಬಾಯಿಂದ ಹಿಂದಕ್ಕೆ ಒತ್ತುವ ಗಾಳಿ ತಂತುಗಳ ಬಡಿತವನ್ನು ಮೆತ್ತಗಾಗಿಸುತ್ತದೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ಧ್ವನಿಚಿಕಿತ್ಸೆಗೇ ತಜ್ಞರಿದ್ದಾರೆ. ಧ್ವನಿಯನ್ನು ಪಳಗಿಸುವುದು ಹೊಸ ಮಾತೂ ಅಲ್ಲ. ಶೃಂಗೇರಿಯಲ್ಲಿ ವೇದ ಕಲಿಯುವ ಹುಡುಗರಿಗೆ ಗುರು ಮೊದಲು ತಿದ್ದುವುದು ಉಚ್ಚಾರವನ್ನು. ಉಚ್ಚಾರಶಾಸ್ತ್ರದ ಹಳೆಯ ಗ್ರಂಥ ‘ಪಾಣಿನೀಯ ಶಿಕ್ಷೆ’ಯಂತೂ ಅದಕ್ಕೆ ಮರಿಯನ್ನು ಹಲ್ಲಲ್ಲಿ ಒಯ್ಯುವ ತಾಯಿಹುಲಿಯ ಹೋಲಿಕೆ ಕೊಡುತ್ತದೆ. ಬೀಳಿಸಲೂಬಾರದು, ಗಾಯವೂ ಆಗಬಾರದು. ನಮ್ಮ ಟೀಚರುಗಳಿಗೆ ಪಾಠ ಮಾಡಲು ತರಬೇತಿಯುಂಟು, ಗಂಟಲು ಕಾಯಲು ಯಾರು ಕಲಿಸುತ್ತಾರೆ? ಗಂಟಲು ಕಟ್ಟಿ ಮೂರು ವಾರ ಮೀರಿದ್ದರೆ ಮೊದಲು ಗಂಟಲಿನ ಡಾಕ್ಟರಿಗೆ ತೋರಿಸಿ, ಪಿಸುಮಾತೂ ಬೇಡ ಎಂದೆ. ಅಷ್ಟರಲ್ಲಿ ನರಸಿಂಹರಾಜಪುರದ ಬಸ್ಸು ಹೊರಟಿತು. ಕೂಗಲು ಬಾಯಿ ತೆರೆದ ಮೇಷ್ಟ್ರು, ಏನೋ ನೆನಪಾಗಿ, ಜೋರಾಗಿ ಎರಡು ಚಪ್ಪಾಳೆ ತಟ್ಟಿದರು.