ಪಡಸಾಲೆಯ ಗಾಲ್ಫ್

ಕೆಲವು ತಿಂಗಳ ಹಿಂದೆ ಮೊಮ್ಮಗಳು ಶಾಲೆಯಿಂದ ಬಂದವಳೇ ತಾನು ಗಾಲ್ಫ್ ಕಲಿಯಬೇಕೆಂದಳು. ಮನೆಯವರೆಲ್ಲ ನಕ್ಕರು, ನಾನೂ ನಕ್ಕೆನೆಂಬುದನ್ನು ಮರೆಮಾಚಲಾರೆ. ವ್ಯಾಕರಣದಲ್ಲಿ ಆಯುಷ್ಯ ಸವೆಸಿದವನಿಗೆ ಅದು ಸಿರಿವಂತರ ಹವ್ಯಾಸವೆಂದೇ ಭಾವನೆ. ಬೆಂಗಳೂರಿನಲ್ಲಿ 1876ರಷ್ಟು ಹಿಂದೆಯೇ ಗಾಲ್ಫ್ ಕ್ಲಬ್ಬು ಸ್ಥಾಪಿತವಾಗಿದ್ದರೂ ಅದರ ಬೇಲಿಯಾಚೆಗೆ ನಮ್ಮಂಥವರ ದೃಷ್ಟಿ ಹಾಯ್ದದ್ದು ಕಡಿಮೆ. ಆದರೆ ಮಗುವಿನ ಮುಖ ಬಾಡಿದ್ದನ್ನು ಕಂಡು ಬಲ್ಲವರನ್ನು ವಿಚಾರಿಸಲು ಹೊರಟೆ.

ತಿಳಿದ ಮೊದಲ ಸಂಗತಿಯೇ ಅಚ್ಚರಿಯದು. 18 ಕುಳಿಗಳ ಪೂರ್ಣ ಮೈದಾನಕ್ಕೆ ಸಾಮಾನ್ಯವಾಗಿ 72 ಹೊಡೆತಗಳ ಲೆಕ್ಕ. ಅವುಗಳಲ್ಲಿ ಕುಳಿಗೆ ಎರಡರಂತೆ 36 ಹೊಡೆತಗಳು ಕುಳಿಯ ಸುತ್ತಣ ನುಣುಪಾದ ಹುಲ್ಲಿನ ಮೇಲೆ ಚೆಂಡನ್ನು ಉರುಳಿಸುವುದಕ್ಕೇ ಮೀಸಲು. ಇದಕ್ಕೆ ಪಟಿಂಗ್ ಎನ್ನುವರು. ಅಂದಮೇಲೆ ಅರ್ಧ ಆಟದ ಅಭ್ಯಾಸಕ್ಕೆ ಪಡಸಾಲೆಯೇ ಸಾಕಲ್ಲವೇ? 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್, ತಾಯಿಯೇ ಕೋಲುಗಳ ಚೀಲ ಹೊತ್ತು ಜೊತೆಗಿರಲು, ನಾಲ್ಕನೆಯ ಸ್ಥಾನ ಪಡೆದರು. ಪದಕಕ್ಕೂ ಅವರಿಗೂ ನಡುವೆ ಉಳಿದದ್ದು ಒಂದೇ ಹೊಡೆತ. ದೂರ ಹೊಡೆಯುವುದರಲ್ಲಿ ಅನೇಕರಿಗಿಂತ ಹಿಂದಿದ್ದ ಅವರನ್ನು ಅಲ್ಲಿಯವರೆಗೆ ಕೊಂಡೊಯ್ದದ್ದು ಈ ಉರುಳಿಸುವ ಕೌಶಲ.

ಬಳಸಿದ ಒಂದು ಪಟರ್ ಕೋಲನ್ನು ಅಗ್ಗಕ್ಕೆ ಕೊಂಡು, ಹಿಡಿಕೆಯ ಕಡೆಯಿಂದ ಕತ್ತರಿಸಿ ಅವಳೆತ್ತರಕ್ಕೆ ಹೊಂದಿಸಿದೆವು. ಸುಕ್ಕಿಲ್ಲದಂತೆ ಜಮಖಾನೆ ಹಾಸಿ, ಸೀಮೆಸುಣ್ಣದಿಂದ ಆರು ಅಡಿಯ ಗೆರೆಯೆಳೆದು, ಅದರ ತುದಿಗೆ ಸ್ಟೀಲಿನ ಲೋಟವೊಂದನ್ನು ಅಡ್ಡ ಮಲಗಿಸಿದ್ದಾಯಿತು. ನಿಯಮದ ಕುಳಿಯ ವ್ಯಾಸ 108 ಮಿಲಿಮೀಟರ್. ಲೋಟದ ಬಾಯಿ ಅದಕ್ಕಿಂತ ಕಿರಿದು. ಕಿರಿದಕ್ಕೆ ಗುರಿಯಿಟ್ಟು ಪಳಗಿದ ಕಣ್ಣಿಗೆ ಮೈದಾನದ ಕುಳಿ ಹಿರಿದಾಗಿ ಕಾಣುವುದಂತೆ. ಕೋಲು ಓರೆಯಾಗಿ ಚಲಿಸದಂತೆ ಎರಡು ಬದಿಗೂ ತಡೆ ಬೇಕು; ಅದಕ್ಕೆ ನನ್ನ ನಿಘಂಟಿನ ಎರಡು ಸಂಪುಟಗಳು ಒದಗಿದವು. ಅವುಗಳನ್ನು ಈಚೆಗೆ ಇಷ್ಟು ಶ್ರದ್ಧೆಯಿಂದ ಯಾರೂ ನೋಡಿರಲಿಲ್ಲ!

ಬೀಸಿ ಹೊಡೆಯುವ ಅಭ್ಯಾಸವಾದರೋ ಬೇರೆಯೇ ಮಾತು. ತಲೆಯ ಮೇಲೆ ಫ್ಯಾನು ತಿರುಗುವ ಕೋಣೆ ಅದಕ್ಕೆ ಸಲ್ಲದು. ಹಿತ್ತಲಲ್ಲಿ ಗಟ್ಟಿ ಬಲೆಯೊಂದನ್ನು ಸಡಿಲವಾಗಿ ಇಳಿಬಿಡಬೇಕು. ಬಿಗಿದು ಕಟ್ಟಿದರೆ ಚೆಂಡು ಹೊಡೆದವರತ್ತಲೇ ಪುಟಿಯುತ್ತದೆ. ಮಕ್ಕಳಿಗೆ ಸ್ಪಂಜಿನ ಚೆಂಡೇ ಲೇಸು. ಕಾಲಕೆಳಗೆ ಸಿಮೆಂಟಿದ್ದರೆ ದಪ್ಪ ಚಾಪೆಯಿಲ್ಲದೆ ಮಣಿಕಟ್ಟು ನೋಯುತ್ತದೆ.

ಇಷ್ಟೆಲ್ಲ ತಿಳಿದೂ ನಾನು ಮೈಮರೆತ ದಿನವೊಂದುಂಟು. ಅವಳು ಕೋಲೆತ್ತಿದಾಗ ಚಿಕ್ಕ ಮೊಮ್ಮಗ ಚೆಂಡು ಹೆಕ್ಕಲು ಹಿಂದಿನಿಂದ ಓಡಿಬಂದ. ಕಬ್ಬಿಣದ ತುದಿ ಅವನ ಹಣೆಯಿಂದ ಗೇಣುದೂರದಲ್ಲಿ ಹಾಯ್ದುಹೋಯಿತು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಮರುದಿನವೇ ಅವಳ ಸುತ್ತ ದೊಡ್ಡದೊಂದು ವೃತ್ತ ಬರೆದೆ. ಅದರೊಳಗೆ ಮತ್ತೊಬ್ಬರ ಕಾಲು ಬಿದ್ದರೆ ಕೋಲು ನೆಲಕ್ಕೆ.

ಪಡಸಾಲೆಯ ಆಟ ಮಾತ್ರ ನಿರಾತಂಕವಾಗಿ ಸಾಗಿದೆ. ನಿನ್ನೆ ಅವಳ ಹತ್ತು ಚೆಂಡುಗಳಲ್ಲಿ ಏಳು ಲೋಟ ಸೇರಿದವು. ನನ್ನವು ಎರಡು.